ಆವರ್ತ ಕೋಷ್ಟಕ ಕಲಿಸಲು ಬಾಣದ ಗುರುತು ಸಾಕೇ?

ಒಬ್ಬ ತಾಯಿ, ಕುವೆಂಪುನಗರ, ಮೈಸೂರು
ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಕಾರ್ಬನ್, ನೈಟ್ರೋಜನ್, ಆಕ್ಸಿಜನ್‌ಗಳನ್ನು ಅಯಾನೀಕರಣ ಶಕ್ತಿಯ (ಪರಮಾಣುವಿನಿಂದ ಒಂದು ಇಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯ) ಏರಿಕೆ ಕ್ರಮದಲ್ಲಿ ಬರೆಯಲು ಕಿರುಪರೀಕ್ಷೆಯಲ್ಲಿ ಕೇಳಿದ್ದರು. ಅವಳು ಕಾರ್ಬನ್, ಆಕ್ಸಿಜನ್, ನೈಟ್ರೋಜನ್ ಎಂದು ಬರೆದಳು. ಕೆಂಪು ಗೆರೆ ಬಿತ್ತು. ತರಗತಿಯಲ್ಲಿ ಎಡದಿಂದ ಬಲಕ್ಕೆ ಬಾಣ ಎಳೆದು ‘ಏರುತ್ತದೆ’ ಎಂದು ಬರೆಸಿದ್ದರಂತೆ. ಆದರೆ ಕೋಷ್ಟಕದಲ್ಲಿ ಕಾರ್ಬನ್ನಿಗೆ ಮೋಲ್‌ಗೆ 1086 ಕಿಲೋಜೂಲ್, ಆಕ್ಸಿಜನ್ನಿಗೆ 1314, ನೈಟ್ರೋಜನ್ನಿಗೆ 1402 ಎಂದಿದೆ. ಒಂದು ಅಂಕ ಹೋದದ್ದಕ್ಕೆ ಬೇಸರವಿಲ್ಲ. ‘ಯೋಚಿಸಿದರೆ ಅಂಕ ಹೋಗುತ್ತದೆ’ ಎನ್ನುತ್ತಿದ್ದಾಳಲ್ಲ, ಅದು ನನಗೆ ಸಂಕಟ.

ಉಪನ್ಯಾಸಕ, ಮಂಡ್ಯ
ಮೇಡಂ, ನಿಮ್ಮ ಮಗಳ ಉತ್ತರ ಸರಿ, ಅಂಕ ಕೊಡಲೇಬೇಕಿತ್ತು. ಆದರೆ ಬಾಣವನ್ನು ದೂರಬೇಡಿ. ನನ್ನ ತರಗತಿಗೆ ಬರುವ ಅನೇಕರು ಹತ್ತರವರೆಗೆ ಕನ್ನಡದಲ್ಲಿ ಓದಿದವರು, ಇಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯಬೇಕು. ಇನ್ನು ಎನ್‌ಸಿಇಆರ್‌ಟಿ 2023ರಲ್ಲಿ ಹತ್ತನೆಯ ತರಗತಿಯ ಪುಸ್ತಕದಿಂದ ಆವರ್ತ ಕೋಷ್ಟಕದ ಅಧ್ಯಾಯವನ್ನೇ ತೆಗೆದುಹಾಕಿತು. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಗದ್ದೆಗೆ ಬದು ಇದ್ದ ಹಾಗೆ ಈ ಬಾಣ. ಮೊದಲು ಬದುವಿನ ಮೇಲೆ ನಡೆಯಲಿ, ಆಮೇಲೆ ಕೆಸರಿಗೆ ಇಳಿಯಲಿ.

ನಿವೃತ್ತ ಶಿಕ್ಷಕ, ಸರಸ್ವತಿಪುರಂ
ಬದುವಿನ ಮೇಲೆಯೇ ನಡೆದವನಿಗೆ ನಾಟಿ ಹಾಕಲು ಬರುವುದಿಲ್ಲ ಸರ್. ಕಾರಣ ಹೇಳಲು ಹತ್ತು ನಿಮಿಷ ಸಾಕು. ಒಂದೇ ಆವರ್ತದಲ್ಲಿ, ಅಂದರೆ ಅಡ್ಡಸಾಲಿನಲ್ಲಿ, ಬಲಕ್ಕೆ ಹೋದಂತೆ ನ್ಯೂಕ್ಲಿಯಸ್‌ಗೆ ಒಂದೊಂದು ಪ್ರೋಟಾನ್ ಸೇರಿ ಅದರ ಸೆಳೆತ ಹೆಚ್ಚುತ್ತದೆ. ಹೊಸ ಇಲೆಕ್ಟ್ರಾನ್ ಅದೇ ಕವಚಕ್ಕೆ ಬರುವುದರಿಂದ ಆ ಸೆಳೆತಕ್ಕೆ ಹೆಚ್ಚು ಮರೆಯಾಗುವುದಿಲ್ಲ. ಹೀಗಾಗಿ ಪರಮಾಣು ಕುಗ್ಗುತ್ತದೆ, ಇಲೆಕ್ಟ್ರಾನ್ ಕೀಳುವುದು ಕಷ್ಟವಾಗುತ್ತದೆ. ಗಾತ್ರ ಇಳಿಯುವ ಬಾಣ, ಅಯಾನೀಕರಣ ಶಕ್ತಿ ಏರುವ ಬಾಣ, ಎರಡಕ್ಕೂ ಇದೊಂದೇ ಕಾರಣ. ಇನ್ನು ನಿಮ್ಮ ಮಗಳ ಪ್ರಶ್ನೆಯ ಅಪವಾದ. ನೈಟ್ರೋಜನ್‌ನಲ್ಲಿ ಮೂರು 2ಪಿ ಕಕ್ಷಕಗಳಲ್ಲಿ (ಕವಚದೊಳಗೆ ಇಲೆಕ್ಟ್ರಾನ್ ಇರುವ ಜಾಗಗಳಲ್ಲಿ) ಒಂದೊಂದೇ ಇಲೆಕ್ಟ್ರಾನ್ ಇದೆ. ಆಕ್ಸಿಜನ್ನಿನ ನಾಲ್ಕನೆಯದು ಅವುಗಳಲ್ಲೊಂದರ ಜೊತೆ ಜೋಡಿಯಾಗಲೇಬೇಕು. ಜೋಡಿಯೊಳಗಿನ ವಿಕರ್ಷಣೆಯಿಂದ ಅದನ್ನು ಕೀಳುವುದು ಸ್ವಲ್ಪ ಸುಲಭ.

ಉಪನ್ಯಾಸಕ, ಮಂಡ್ಯ
ಒಪ್ಪಿದೆ. ಆದರೂ ಒಂದು ಮಾತು. ರಷ್ಯಾದ ವಿಜ್ಞಾನಿ ಮೆಂಡಲೀವ್ 1869ರಲ್ಲಿ ಕೋಷ್ಟಕ ಮಾಡಿದಾಗ ಇಲೆಕ್ಟ್ರಾನ್ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಗುಣಗಳು ಕ್ರಮವಾಗಿ ಬದಲಾಗುವ ಪ್ರವೃತ್ತಿಯನ್ನಷ್ಟೇ ನಂಬಿ ಅಲ್ಯೂಮಿನಿಯಂ ಕೆಳಗೆ ಜಾಗ ಬಿಟ್ಟರು, ಅಲ್ಲಿ ಬರಬೇಕಾದ ಧಾತುವಿನ ಗುಣಗಳನ್ನೂ ಊಹಿಸಿದರು. 1875ರಲ್ಲಿ ಫ್ರಾನ್ಸಿನ ವಿಜ್ಞಾನಿ ಬ್ವಾಬೋದ್ರಾನ್ ಆ ಧಾತುವನ್ನು, ಅಂದರೆ ಗ್ಯಾಲಿಯಂ ಅನ್ನು ಕಂಡುಹಿಡಿದು ಸಾಂದ್ರತೆ 4.7 ಎಂದರು. ಅದು ತಮ್ಮ ಊಹೆಗೆ ಹೊಂದದ್ದರಿಂದ, ಮಾದರಿ ಶುದ್ಧವಿಲ್ಲ, ಮತ್ತೆ ಅಳೆಯಿರಿ ಎಂದರು ಮೆಂಡಲೀವ್. ಮತ್ತೆ ಅಳೆದಾಗ ಬಂದದ್ದು 5.9! ಕಾರಣ ತಿಳಿಯುವ ಮೊದಲೂ ಪ್ರವೃತ್ತಿಗೆ ಅಷ್ಟು ಬಲವಿತ್ತು.

ಸಂಶೋಧನಾ ವಿದ್ಯಾರ್ಥಿನಿ, ಮೈಸೂರು
ಸರ್, ಅದೇ ಗ್ಯಾಲಿಯಂ ನಿಮ್ಮ ಇನ್ನೊಂದು ಬಾಣವನ್ನು ಮುರಿಯುತ್ತದೆ. ಗುಂಪಿನಲ್ಲಿ, ಅಂದರೆ ಕಂಬಸಾಲಿನಲ್ಲಿ, ಕೆಳಗಿಳಿದರೆ ಗಾತ್ರ ಹೆಚ್ಚಬೇಕು. ಅಲ್ಯೂಮಿನಿಯಂ ತ್ರಿಜ್ಯ 143 ಪಿಕೋಮೀಟರ್, ಗ್ಯಾಲಿಯಂ 135. ನಡುವೆ ತುಂಬಿದ ಹತ್ತು 3ಡಿ ಇಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸೆಳೆತವನ್ನು ಸರಿಯಾಗಿ ಮರೆಮಾಡುವುದಿಲ್ಲ. ಬಾಣವನ್ನಷ್ಟೇ ಕಲಿತವರಿಗೆ ಇದು ತಪ್ಪು ಮುದ್ರಣದಂತೆ ಕಾಣುತ್ತದೆ.

ಪಿಯುಸಿ ವಿದ್ಯಾರ್ಥಿ, ಶ್ರೀರಂಗಪಟ್ಟಣ
ನಮ್ಮ ಜಿಲ್ಲೆಯ ಮರಳಗಾಲದ ಬಳಿ ಲಿಥಿಯಂ ಸಿಕ್ಕಿದೆ ಎಂದು ಓದಿದ ಮೇಲೆ ಒಂದು ಅನುಮಾನ. ಕ್ಷಾರ ಲೋಹಗಳಲ್ಲಿ ಅಯಾನೀಕರಣ ಶಕ್ತಿ ಅದಕ್ಕೇ ಹೆಚ್ಚು: ಲಿಥಿಯಂ 520, ಸೋಡಿಯಂ 496, ಪೊಟ್ಯಾಸಿಯಂ 419. ಆದರೆ ನೀರಿನಲ್ಲಿ ಇಲೆಕ್ಟ್ರಾನ್ ಬಿಟ್ಟುಕೊಡುವ ಒಲವನ್ನು ತೋರುವ ಇಲೆಕ್ಟ್ರೋಡ್ ವಿಭವದ ಪಟ್ಟಿಯಲ್ಲಿ −3.04 ವೋಲ್ಟ್‌ನೊಂದಿಗೆ ಈ ಮೂರರಲ್ಲಿ ಲಿಥಿಯಮ್ಮೇ ಮುಂದಿದೆ. ಹೇಗೆ?

ಸಂಶೋಧನಾ ವಿದ್ಯಾರ್ಥಿನಿ, ಮೈಸೂರು
ಅಯಾನೀಕರಣ ಶಕ್ತಿ ಅನಿಲರೂಪದ ಒಂಟಿ ಪರಮಾಣುವಿನ ಲೆಕ್ಕ, ವಿಭವ ನೀರಿನೊಳಗಿನದು. ಲಿಥಿಯಂ ಅಯಾನು ಪುಟ್ಟದಾದ್ದರಿಂದ ನೀರಿನ ಅಣುಗಳು ಅದನ್ನು ಬಿಗಿಯಾಗಿ ಸುತ್ತುವರಿಯುತ್ತವೆ. ಆಗ ಬಿಡುಗಡೆಯಾಗುವ ಶಕ್ತಿ, ಇಲೆಕ್ಟ್ರಾನ್ ಕೀಳಲು ತಗಲುವ ಹೆಚ್ಚಿನ ಶಕ್ತಿಯ ನಷ್ಟವನ್ನು ತುಂಬಿ ಮಿಗುತ್ತದೆ.

ಒಬ್ಬ ತಾಯಿ, ಕುವೆಂಪುನಗರ, ಮೈಸೂರು
ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಎರಡನೆಯ ಆವರ್ತದ ಎಂಟೂ ಸಂಖ್ಯೆಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದಳು. ಬೆರಿಲಿಯಂ 899, ಬೋರಾನ್ 801. ಅಲ್ಲೂ ಒಂದು ಇಳಿತವಿದೆ, ಆದರೆ ಬೋರಾನ್‌ನ ಪಿ ಇಲೆಕ್ಟ್ರಾನ್ ಒಂಟಿ, ಜೋಡಿಯ ಕಾರಣ ಅಲ್ಲಿ ಹೊಂದುವುದಿಲ್ಲವಲ್ಲ ಎಂದು ಕೇಳುತ್ತಿದ್ದಾಳೆ.

ಉಪನ್ಯಾಸಕ, ಮಂಡ್ಯ
ಸರಿಯಾಗಿ ಹಿಡಿದಿದ್ದಾಳೆ. ಅಲ್ಲಿ ಕೀಳುವುದು 2ಎಸ್ ಬದಲು 2ಪಿ ಇಲೆಕ್ಟ್ರಾನನ್ನು. ಅದರ ಶಕ್ತಿಮಟ್ಟ ಮೇಲಿದೆ, 2ಎಸ್ ಜೋಡಿ ಅದಕ್ಕೆ ಸ್ವಲ್ಪ ಮರೆಯೂ ಆಗುತ್ತದೆ. ನಾಳೆ ನನ್ನ ತರಗತಿಯಲ್ಲಿ ಬಾಣ ಎಳೆಯುವ ಮೊದಲು ಇದೇ ಗ್ರಾಫ್ ಹಾಕಿಸುತ್ತೇನೆ.