ಓದುಗರ ಸ್ಪಂದನ: ಮಾತು ತಡವಾದರೆ ಪುಸ್ತಕವೂ ತಡವಾಗಬೇಕೇ?

ಕಳೆದ ಸಂಚಿಕೆಯ ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಹೇಳುವುದು ಹತ್ತು ಹನ್ನೆರಡು ಪದ ಅಷ್ಟೇ, ಎರಡು ಪದ ಜೋಡಿಸುವುದಿಲ್ಲ. 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ಅವನ ವಾರಗೆಯ ಮಕ್ಕಳು ಅಕ್ಷರ ಗುರುತಿಸುವುದನ್ನು ನೋಡಿ ಫ್ಲ್ಯಾಶ್‌ಕಾರ್ಡ್ ತಂದೆ, ಅವನು ತಿರುಗಿಯೂ ನೋಡಲಿಲ್ಲ. ಕತೆ ಓದಲು ಕೂತರೆ ಪುಸ್ತಕ ಮುಚ್ಚಿ ಓಡುತ್ತಾನೆ. ಮಾತು ಬರುವವರೆಗೆ ಪುಸ್ತಕ ಎತ್ತಿಡಲೇ?

ತಂಗೀ, ಎತ್ತಿಡಬೇಡಿ. ಎತ್ತಿಡಬೇಕಾದ್ದು ಆ ಫ್ಲ್ಯಾಶ್‌ಕಾರ್ಡ್. ನನ್ನ ಮಗಳಿಗೂ ಮಾತು ತಡವಾಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕ ಅಂದ ತಕ್ಷಣ ನಾವು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಮುಗಿಸಲು ಹೊರಡುತ್ತೇವೆ. ಈ ವಯಸ್ಸಿನಲ್ಲಿ ಸಾಲುಗಳು ಬೇಕಾಗಿಯೇ ಇಲ್ಲ. ದಪ್ಪ ಹಾಳೆಯ ಪುಸ್ತಕ ಅವನ ಕೈಗೇ ಕೊಡಿ. ತಲೆಕೆಳಗಾಗಿ ಹಿಡಿಯಲಿ, ನಾಲ್ಕು ಪುಟ ಹಾರಿಸಲಿ. ಅವನು ಯಾವ ಚಿತ್ರ ನೋಡುತ್ತಾನೋ ಅದರ ಬಗ್ಗೆ ಮಾತಾಡಿ, ಕತೆಯ ಬಗ್ಗೆ ಅಲ್ಲ. 'ಬೌ' ಅಂದರೆ 'ಹೌದು, ನಾಯಿ! ನಾಯಿ ಓಡ್ತಿದೆ' ಅನ್ನಿ. ಅವನು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ, ಸಾಕು. 'ನಾಯಿ ಅನ್ನು, ನಾಯಿ ಅನ್ನು' ಅಂತ ಒತ್ತಾಯ ಬೇಡ.

ಆಮೇಲೆ ಸುಮ್ಮನಿರಬೇಕು. ಇದೇ ಕಷ್ಟ! ಮನಸ್ಸಿನಲ್ಲೇ ಐದರಿಂದ ಹತ್ತರವರೆಗೆ ಎಣಿಸಿ. ಮಾತು ತಡವಾದ ಮಗುವಿಗೆ ಉತ್ತರ ಹೊರಡಿಸಲು ಸಮಯ ಬೇಕು, ನಾವೋ ಅಷ್ಟರಲ್ಲಿ ಮುಂದಿನ ಪ್ರಶ್ನೆ ಹಾಕಿರುತ್ತೇವೆ. ಅವನು ಬೆರಳು ತೋರಿದರೂ, ನಿಮ್ಮ ಮುಖ ನೋಡಿದರೂ ಅದು ಉತ್ತರವೇ. ಅದೇ ಪುಸ್ತಕ ಮತ್ತೆ ಮತ್ತೆ ತಂದರೆ ಬೇಜಾರಾಗಬೇಡಿ. ಮುಂದೇನು ಅಂತ ಗೊತ್ತಿದ್ದಾಗಲೇ ಅವನು ಕೊನೆಯ ಪದ ತುಂಬಲು ಧೈರ್ಯ ಮಾಡುವುದು.
- ಇಬ್ಬರು ಮಕ್ಕಳ ತಾಯಿ

ನಾನು ವಾಕ್ ಚಿಕಿತ್ಸಕಿ. ಪುಸ್ತಕಕ್ಕಿಂತ ಮೊದಲು ಕಿವಿ. ನೆಗಡಿಯಾದ ಮೇಲೆ ಕಿವಿಯ ಒಳಗೆ ದ್ರವ ನಿಂತರೆ ಕೆಲವು ದಿನ ಚೆನ್ನಾಗಿ ಕೇಳುತ್ತದೆ, ಕೆಲವು ದಿನ ಮಂಕಾಗುತ್ತದೆ. ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ ಅಂದ ಮಾತ್ರಕ್ಕೆ ಮಾತಿನ ಸಣ್ಣ ಶಬ್ದಗಳೂ ಕೇಳುತ್ತಿವೆ ಅಂತಲ್ಲ. ಎರಡು ವರ್ಷಕ್ಕೆ ಸುಮಾರು 50 ಪದ, ಎರಡು ಪದಗಳ ಜೋಡಣೆ ಇರಬೇಕು ಎಂದು ನಾವು ನೋಡುತ್ತೇವೆ. ಆ ಲೆಕ್ಕದಲ್ಲಿ ನಿಮ್ಮ ಮಗನನ್ನು ಈಗಲೇ ತೋರಿಸಬೇಕು. ಹೇಳಿದ್ದು ಅರ್ಥವಾಗುತ್ತದಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ ಎಂಬುದನ್ನೂ ಗಮನಿಸಿ. ಬಂದಿದ್ದ ಪದಗಳು ಬಿಟ್ಟುಹೋಗುತ್ತಿದ್ದರೆ ಒಂದು ದಿನವೂ ಕಾಯಬೇಡಿ.

1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು ಎರಡರಿಂದ ಮೂರು ವರ್ಷದ ಮಕ್ಕಳ ತಂದೆತಾಯಿಗೆ ಓದುವ ರೀತಿಯನ್ನು ಕಲಿಸಿದರು: ಮಗುವನ್ನು ಮಾತಿಗೆಳೆಯುವುದು, ಅದು ಹೇಳಿದ್ದನ್ನು ಹಿಗ್ಗಿಸಿ ಹೇಳುವುದು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮುಂದೆ ಹೋಗಿತ್ತು. ಆದರೆ ಅವರು ಮಾತಿನ ತೊಂದರೆ ಇಲ್ಲದ ಮಕ್ಕಳು. ಮಾತು ತಡವಾದ ಮಗುವಿಗೆ ನಾನು ಪ್ರಶ್ನೆ ಕಡಿಮೆ ಮಾಡಿ ಅನ್ನುತ್ತೇನೆ. 'ಇದೇನು? ಅದೇನು?' ಜಾಸ್ತಿಯಾದರೆ ಪುಸ್ತಕ ಪರೀಕ್ಷೆಯಾಗುತ್ತದೆ. ನಿಮ್ಮ ಮಗ ಓಡುವುದು ಅದಕ್ಕೂ ಇರಬಹುದು, ಅಲ್ವಾ? ನಾಲ್ಕೈದು ಸಲ ನೀವೇ ಹೇಳಿ, ಒಂದು ಸಲ ಕೇಳಿ.

ಮನೆಯಲ್ಲಿ ಎರಡು ಭಾಷೆ ಇದ್ದರೆ ಒಂದನ್ನು ಬಿಡಬೇಕಿಲ್ಲ, ಮಾತು ತಡವಾಗಲು ಅದು ಕಾರಣವಲ್ಲ. ಕೈಸನ್ನೆ, ಚಿತ್ರದ ಹಾಳೆ ಬಳಸಿದರೆ ಮಾತು ಬರುವುದಿಲ್ಲ ಎಂಬ ಹೆದರಿಕೆಯೂ ಬೇಡ.
- ವಾಕ್ ಚಿಕಿತ್ಸಕಿ

ಕೂತೇ ಓದಬೇಕು ಅಂತ ಯಾರು ಹೇಳಿದ್ದು ಮೇಡಂ? ನನ್ನ ಮಗ ಎರಡು ನಿಮಿಷ ಕೂರುತ್ತಿರಲಿಲ್ಲ. ಅವನು ಓಡಾಡುತ್ತಿದ್ದ, ನಾನು ನೆಲದ ಮೇಲೆ ಕೂತು ಪುಸ್ತಕ ತೆರೆದಿಟ್ಟು ಪ್ರಾಣಿಗಳ ಸದ್ದು ಮಾಡುತ್ತಿದ್ದೆ. ಬರುತ್ತಿದ್ದ, ನೋಡುತ್ತಿದ್ದ, ಹೋಗುತ್ತಿದ್ದ. ಒಂದು ಪುಟಕ್ಕೇ ಮುಗಿಯಿತೋ, ಮುಗಿಯಿತು. ಮನೆಯವರ ಫೋಟೊ, ಅವನ ಚೆಂಡು, ಅವನ ಚಪ್ಪಲಿ ಇವುಗಳ ಚಿತ್ರ ಅಂಟಿಸಿ ಅವನದೇ ಪುಸ್ತಕ ಮಾಡಿ ನೋಡಿ. ನಮ್ಮಲ್ಲಿ ಬೇರೆ ಪುಸ್ತಕಗಳೆಲ್ಲ ಅದರ ಮುಂದೆ ಸೋತವು. ಅಪ್ಪನೂ ಓದಲಿ, ಎಲ್ಲ ಭಾರ ನಿಮ್ಮ ಮೇಲೇ ಯಾಕೆ?
- ಒಬ್ಬ ಅಪ್ಪ

ಅಕ್ಷರದ ಚಿಂತೆಗೆ ಎರಡು ಮಾತು. ನಾನು ಶಿಶುವಿಹಾರದಲ್ಲಿ ಪಾಠ ಮಾಡುವವಳು. ಎರಡು ವರ್ಷದ ಮಗುವಿಗೆ ಓದಿನ ತಳಪಾಯ ಅಂದರೆ ಪುಸ್ತಕ ಸರಿಯಾಗಿ ಹಿಡಿಯುವುದು, ಪುಟ ತಿರುವುವುದು, ಚಿತ್ರಕ್ಕೂ ನಿಜವಾದ ವಸ್ತುವಿಗೂ ಸಂಬಂಧ ಕಾಣುವುದು, ಪ್ರಾಸದ ಪದ್ಯಕ್ಕೆ ಕಿವಿಗೊಡುವುದು. ಅಭಿನಯದ ಪದ್ಯ ಹೇಳಿ, ಕೊನೆಯ ಪದ ಬಿಟ್ಟು ಕಾಯಿರಿ. ಬಾಯಿಂದ ಬರದಿದ್ದರೆ ಕೈಯಿಂದ ಅಭಿನಯ ಬರುತ್ತದೆ. 'ಚಂ-ದ-ಮಾ-ಮ' ಎಂದು ಚಪ್ಪಾಳೆ ತಟ್ಟುತ್ತಾ ಪದ ಒಡೆಯುವ ಆಟವನ್ನು ಈಗ ನೀವು ಆಡಿ, ಅವನು ನೋಡಲಿ. ಅವನಾಗಿಯೇ ಆಡುವ ಹೊತ್ತಿಗೆ ಇನ್ನೂ ಒಂದೆರಡು ವರ್ಷ ಆಗಬಹುದು. ಬಳಪ ಕೊಟ್ಟು ಗೀಚಲು ಬಿಡಿ. ಓದುವಾಗ ಆಗೊಮ್ಮೆ ಈಗೊಮ್ಮೆ ಪುಸ್ತಕದ ಹೆಸರಿನ ಕೆಳಗೆ ಬೆರಳು ಆಡಿಸಿ. ಅಕ್ಷರ ಗುರುತಿಸುವ ಆತುರ ಏನೂ ಇಲ್ಲ. ಆದರೆ ಮಾತು ತಡವಾದ ಮಕ್ಕಳಲ್ಲಿ ಕೆಲವರಿಗೆ ಮುಂದೆ ಓದು ಕಷ್ಟವಾಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಪುಸ್ತಕ ಇವರಿಗೆ ಇನ್ನೂ ಬೇಗ ಬೇಕು.
- ಶಿಶುವಿಹಾರದ ಶಿಕ್ಷಕಿ

ನಿಮ್ಮ ಅತ್ತೆಯ ವಯಸ್ಸಿನವಳು ನಾನು. ಮೊಮ್ಮಗ ಬೇಗ ಮಾತಾಡಲಿ ಅಂತ ಅವರಿಗೂ ಆಸೆ, ಅದಕ್ಕೇ ಹಾಗನ್ನುತ್ತಾರೆ. ಆದರೆ ಮಾತು ತಡವಾಗುವುದು ಮನೆತನದಲ್ಲಿ ಬರುವುದುಂಟು. ಅಪ್ಪನಿಗೂ ತಡವಾಗಿದ್ದರೆ ಅದು ಕಾಯಲು ಕಾರಣವಲ್ಲ, ತೋರಿಸಲು ಕಾರಣ. ತಜ್ಞರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ತಮ್ಮ ಮಗ ಯಾವಾಗ ಮಾತಾಡಿದ, ಶಾಲೆಯಲ್ಲಿ ಅವನ ಓದು ಹೇಗಿತ್ತು ಅನ್ನುವುದು ಅವರಿಗಲ್ಲದೆ ಇನ್ಯಾರಿಗೆ ನೆನಪಿರುತ್ತದೆ?
- ಅಜ್ಜಿ