ವೆಂಬ್ಲಿ, 1992: ಆ ಅತಿಥಿಗಳು ವೇದಿಕೆಗೆ ಒಪ್ಪಿದರೇ?

ಗಿಟಾರ್‌ಪ್ರಿಯ: ಕ್ವೀನ್ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯವರ ಸ್ಮರಣಾರ್ಥ, ಏಡ್ಸ್ ಜಾಗೃತಿಗಾಗಿ 1992ರ ಏಪ್ರಿಲ್ 20ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಕಾರ್ಯಕ್ರಮದಲ್ಲಿ, ಹೆವಿ ಮೆಟಲ್ ತಂಡ ಮೆಟಾಲಿಕಾ ಅಬ್ಬರಿಸಿದ ವೇದಿಕೆಗೇ ಕೊನೆಯ ಹಾಡಿಗೆ ಸಂಗೀತ ನಾಟಕಗಳ ಗಾಯಕಿ-ನಟಿ ಲೈಜಾ ಮಿನೆಲಿಯವರನ್ನು ಕರೆತಂದದ್ದು ಉಚಿತವೇ?

ಹಳೇಕ್ಯಾಸೆಟ್: ನನಗಂತೂ ಅದು ಪಾಯಸಕ್ಕೆ ಒಗ್ಗರಣೆ ಹಾಕಿದಂತೆ ಕಂಡಿತು.

ಡ್ರಮ್ಮರ್: ಒಪ್ಪಲಾರೆ. ಮಿನೆಲಿಯವರ ನಾಟಕೀಯ ಗಾಯನವನ್ನು ಫ್ರೆಡ್ಡಿಯವರೇ ಮೆಚ್ಚಿದ್ದರು. ನಿಜವಾದ ಮುಜುಗರವೆಂದರೆ ಗನ್ಸ್ ಎನ್ ರೋಸಸ್ ರಾಕ್ ತಂಡದ ಗಾಯಕ ಆಕ್ಸಲ್ ರೋಸ್ ಅವರದು. 1988ರಲ್ಲಿ ಸಲಿಂಗಿಗಳನ್ನು ಹೀಯಾಳಿಸುವ ಸಾಲುಗಳನ್ನು ಹಾಡಿದ್ದವರು ಇಂಥ ಉದ್ದೇಶದ ಸಭೆಗೆ ಬಂದಾಗ ಹೋರಾಟಗಾರರು ಆಕ್ಷೇಪಿಸಿದ್ದು ಸಹಜವೇ ಆಗಿತ್ತು. ಆದರೂ ಅವರು ಎಲ್ಟನ್ ಜಾನ್ ಅವರೊಡನೆ ಹಾಡಿದ ರಭಸವನ್ನು (ಒಲ್ಲದ ಮನಸ್ಸಿನಿಂದಲೇ) ಮೆಚ್ಚುತ್ತೇನೆ.

ಗಿಟಾರ್‌ಪ್ರಿಯ: ಹಾಗೆ ನೋಡಿದರೆ, ರಾಕ್ ಗಾಯಕರೇ ಅಲ್ಲದ, ಪಾಪ್ ಗಾಯಕ ಜಾರ್ಜ್ ಮೈಕೆಲ್ ಅವರೇ ಅಂದು ಫ್ರೆಡ್ಡಿಯವರ ಕಂಠಕ್ಕೆ ಅತ್ಯಂತ ಸಮೀಪ ನಿಂತರು.