ಏರ್‌ಪಾರ್ಕ್ ಬಡಾವಣೆಗೆ ನಿಯಮ: ಏನೇನು ಸೇರಿಸಬೇಕು?

ಪ್ರಶ್ನೆ: ಶಿವಮೊಗ್ಗದ ಹತ್ತಿರ ಮನೆ ಪಕ್ಕದಲ್ಲೇ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್), ನಡುವೆ ಹುಲ್ಲಿನ ರನ್‌ವೇ ಇರುವ ಬಡಾವಣೆಗೆ ಕರಡು ನಿಯಮ ಬರೆಯುತ್ತಿದ್ದೇವೆ. ಒಂದೇ ರಸ್ತೆಯಲ್ಲಿ ಕಾರು, ವಿಮಾನ ಎರಡೂ ಓಡಾಡಬೇಕು. 30 ಅಡಿ ಸಾಕಾಗುತ್ತಾ? ಮಳೆಗಾಲಕ್ಕೆ ಏನು ಬರೆಯೋದು?

ಉತ್ತರ 1: ಖಂಡಿತ ಸಾಲದು ಸರ್. ನಾಲ್ಕು ಸೀಟಿನ ಪುಟ್ಟ ವಿಮಾನ ಸೆಸ್ನಾ 172ರ ರೆಕ್ಕೆಯೇ ತುದಿಯಿಂದ ತುದಿಗೆ 36 ಅಡಿ. ಡಾಂಬರು ಕಿರಿದಾಗಿದ್ದರೂ ನಡೆಯುತ್ತೆ, ಆದರೆ ಎರಡೂ ಬದಿ ಸೇರಿ 60 ಅಡಿಯೊಳಗೆ ಕಾಂಪೌಂಡ್, ಗೇಟಿನ ಕಂಬ, ಅಡಿಕೆ ಸಸಿ, ನಿಲ್ಲಿಸಿದ ಕಾರು ಯಾವುದೂ ಇರಬಾರದು. ದಾರಿ ಮೊದಲು ವಿಮಾನಕ್ಕೆ ಅಂತ ಸ್ಪಷ್ಟವಾಗಿ ಬರೆಯಿರಿ. ಬಾಲದಲ್ಲಿ ಚಕ್ರವಿರುವ ವಿಮಾನದ ಮೂಗು ಮೇಲೆದ್ದಿರುತ್ತೆ, ಎದುರಿಗೆ ಮಗು ಬಂದರೂ ಪೈಲಟ್‌ಗೆ ಕಾಣಲ್ಲ.

ಉತ್ತರ 2: ಇಲ್ಲಿ ಮಳೆಗಾಲದ್ದೇ ದೊಡ್ಡ ವಿಷಯ. ನೆನೆದ ಹುಲ್ಲಿನ ಮೇಲೆ ಟೇಕಾಫ್‌ಗೆ ಓಟ ಹೆಚ್ಚು ಬೇಕು, ಇಳಿದಾಗ ಬ್ರೇಕ್ ಹಿಡಿಯಲ್ಲ. ಹಿಮ್ಮಡಿ ಒತ್ತಿದರೆ ನೀರು ಜಿನುಗುವ ದಿನ ರನ್‌ವೇ ಬಂದ್. ಆ ತೀರ್ಮಾನ ಒಬ್ಬರ ಕೈಯಲ್ಲೇ ಇರಲಿ. ಚರಂಡಿ ಮೇ ತಿಂಗಳಲ್ಲೇ ಬಿಡಿಸಿ. ವಿಮಾನದ ಅರ್ಧ ತುಂಬಿದ ಇಂಧನ ಟ್ಯಾಂಕಿನಲ್ಲಿ ಗಾಳಿಯ ತೇವ ನೀರಾಗಿ ತಳಕ್ಕಿಳಿಯುತ್ತೆ. ಹಾಗಾಗಿ ಹಾರುವ ಮುಂಚೆ ಇಂಧನ ಹೊರಬಿಡುವ ಪ್ರತಿ ಡ್ರೈನ್‌ನಿಂದಲೂ ಪಾರದರ್ಶಕ ಲೋಟಕ್ಕೆ ಇಂಧನ ಇಳಿಸಿ ನೋಡುವುದು ಕಡ್ಡಾಯವಾಗಲಿ. ದನ ಮೇಯಿಸುವ ಊರಿನವರ ಜೊತೆ ಈಗಲೇ ಮಾತಾಡಿ, ಬೇಲಿ ಖರ್ಚು ಬಡಾವಣೆಯದೇ ಆಗಬೇಕು.

ಉತ್ತರ 3: ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರಿಂದ ನಡೆಯುತ್ತಿದೆ, ಅಲ್ಲಿನ ವಿಮಾನಗಳ ದಾರಿಗೆ ನಿಮ್ಮವು ಅಡ್ಡ ಬರಬಾರದು. ಹಾಗಾಗಿ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಮತ್ತು ವಾಯುಸಂಚಾರ ನಿಯಂತ್ರಣದ ಒಪ್ಪಿಗೆ ಕೈಗೆ ಬರುವವರೆಗೆ ಸೈಟ್ ಮಾರಬೇಡಿ. ನಿಯಮಗಳನ್ನು ಕ್ರಯಪತ್ರದಲ್ಲೇ ಸೇರಿಸಿ; ಇಲ್ಲದಿದ್ದರೆ ಎರಡನೇ ಸಲ ಕೊಂಡವರು ಎಂಜಿನ್ ಸದ್ದಿಗೆ ತಕರಾರು ತೆಗೆಯುತ್ತಾರೆ.